ಗೋಡೆಯಿಂದ ಕೊಳವೆಗೆ ಎಷ್ಟು ದೂರ? ಕಮೋಡಿನ ಅಳತೆಪತ್ರದ ವಿಮರ್ಶೆ

ಹೊಸ ಕಮೋಡು ಕೊಂಡಾಗ ಪೆಟ್ಟಿಗೆಯೊಳಗೆ ಒಂದು ಹಾಳೆ ಇರುತ್ತದೆ. ಅದರಲ್ಲಿ ಕಮೋಡಿನ ಪಾರ್ಶ್ವನೋಟದ ರೇಖಾಚಿತ್ರ, ಸುತ್ತಲೂ ಬಾಣದ ಗುರುತುಗಳು, ಮಿಲಿಮೀಟರುಗಳಲ್ಲಿ ಹತ್ತಾರು ಅಂಕಿಗಳು. ಕೊಂಡವರು ಇದನ್ನು ಓದುವುದು ಕಡಿಮೆ. ಕೂರಿಸುವವರು ರಟ್ಟಿನ ಪೆಟ್ಟಿಗೆಯ ಜೊತೆಗೆ ಅದನ್ನೂ ಬಿಸಾಡುತ್ತಾರೆ. ಪಠ್ಯಪುಸ್ತಕಗಳನ್ನು ಸಾಲುಸಾಲಾಗಿ ವಿಮರ್ಶಿಸುವ ನಾವು ಇಂಥ ಹಾಳೆಗಳನ್ನು ತಾಂತ್ರಿಕ ಬರವಣಿಗೆ ಎಂದು ಪರಿಗಣಿಸುವುದೇ ಇಲ್ಲ. ಆದರೆ ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳ ಬಚ್ಚಲು, ಶೌಚಾಲಯಗಳು ಈಗ ದುರಸ್ತಿಗೆ ಬಂದಿವೆ. ಮಂಡಿನೋವಿನ ಹಿರಿಯರಿಗಾಗಿ ಕೂರುವ ಕಮೋಡು ಹಾಕಿಸುವ ಮನೆಗಳೂ ಬಹಳ. ಈ ಕೆಲಸ ಸುಸೂತ್ರವಾಗಿ ಆಗುವುದೋ, ನೆಲ ಅಗೆಯಬೇಕಾಗುವುದೋ ಎಂಬುದು ಆ ಹಾಳೆಯ ಒಂದು ಅಂಕಿಯನ್ನು ಅವಲಂಬಿಸಿದೆ. ಆ ಅಂಕಿಯನ್ನು ಮುದ್ರಿಸುವ ರೀತಿಯ ಬಗ್ಗೆ ನನ್ನ ಆಕ್ಷೇಪಗಳಿವೆ.

ಕಮೋಡಿನ ಎತ್ತರ, ಅಗಲ, ಉದ್ದ ನಾಲ್ಕಾರು ಮಿಲಿಮೀಟರು ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ಗೋಡೆಯಿಂದ, ನೆಲದಲ್ಲಿರುವ ಕೊಳವೆಬಾಯಿಯ ಕೇಂದ್ರದವರೆಗಿನ ದೂರ ಹಾಗಲ್ಲ. ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಹೆಸರು ರಫ್-ಇನ್. ನಮ್ಮ ಅಂಗಡಿಗಳಲ್ಲಿ ‘ಎಸ್-ಟ್ರ್ಯಾಪ್ ಎಷ್ಟು ಇಂಚು ಸಾರ್?’ ಎಂದು ಕೇಳುತ್ತಾರೆ. ಈ ಲೇಖನದಲ್ಲಿ ಇದನ್ನು ಗೋಡೆ-ಕೊಳವೆ ದೂರ ಎಂದು ಕರೆಯೋಣ.

ಎಸ್-ಟ್ರ್ಯಾಪ್ ಎಂದರೆ ಕಮೋಡಿನ ಪಿಂಗಾಣಿಯೊಳಗೇ ಇರುವ, ಎಸ್ ಅಕ್ಷರದಂತೆ ಬಾಗಿದ ಮಾರ್ಗ. ಬಾಗಿನಲ್ಲಿ ಸದಾ ನಿಂತಿರುವ ನೀರು ಚರಂಡಿಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುತ್ತದೆ. ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಇಂಥ ಬಾಗಿನ ಕಮೋಡಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಎಸ್-ಟ್ರ್ಯಾಪಿನ ಬಾಯಿ ನೆಲಕ್ಕೆ ಇಳಿಯುತ್ತದೆ. ಪಿ-ಟ್ರ್ಯಾಪಿನ ಬಾಯಿ ಅಡ್ಡಲಾಗಿ ಹಿಂದಿನ ಗೋಡೆಯತ್ತ ಹೋಗುತ್ತದೆ. ಅಲ್ಲಿ ಮುಖ್ಯವಾದುದು ನೆಲದಿಂದ ಬಾಯಿಯ ಕೇಂದ್ರಕ್ಕಿರುವ ಎತ್ತರ, ಸಾಮಾನ್ಯವಾಗಿ 180 ಮಿಮೀ ಆಸುಪಾಸು.

ನಮ್ಮ ಮಾರುಕಟ್ಟೆಯ ಎಸ್-ಟ್ರ್ಯಾಪ್ ಕಮೋಡುಗಳಲ್ಲಿ ಈ ದೂರ ಸುಮಾರು 100, 220ರಿಂದ 230, ಮತ್ತು 300 ಮಿಮೀ. ಅಮೆರಿಕದಲ್ಲಿ 12 ಇಂಚು ರೂಢಿ. ಹಳೆಯ ಮನೆಗಳಿಗಾಗಿ 10 ಮತ್ತು 14 ಇಂಚಿನವೂ ಸಿಗುತ್ತವೆ. ಚೀನಾದಲ್ಲಿ 305 ಮತ್ತು 400 ಮಿಮೀ, ಜಪಾನಿನಲ್ಲಿ 200 ಮಿಮೀ ಹೆಚ್ಚು ಬಳಕೆಯಲ್ಲಿವೆ. ಹಾಗಾದರೆ ‘ಸ್ಟ್ಯಾಂಡರ್ಡ್’ ಎಂದು ಅಂಗಡಿಯವರು ಹೇಳುವುದು ಯಾವುದನ್ನು? ಅವರಲ್ಲಿ ದಾಸ್ತಾನು ಇರುವುದನ್ನು. ಇದು ಕುಹಕವಲ್ಲ. ಈ ಅಂಕಿಗಳಲ್ಲಿ ಯಾವುದನ್ನೂ ಭೌತಶಾಸ್ತ್ರದ ನಿಯಮದಿಂದ ಪಡೆಯಲಾಗದು, ಇವೆಲ್ಲ ಒಪ್ಪಂದಗಳು. ಎರಡು ಒಪ್ಪಂದಗಳ ನಡುವೆ ಬೀಳುವ 260 ಮಿಮೀಯಂಥ ದೂರವಿರುವ ಮನೆಯವರಿಗೆ ಮಾತ್ರ ತಮ್ಮ ಮನೆಯಲ್ಲೇ ಏನೋ ದೋಷವಿದೆ ಎಂಬ ಭಾವನೆ ಬರುತ್ತದೆ.

ಅಳತೆಪತ್ರದ ಬಗ್ಗೆ ನನ್ನ ಮೊದಲ ಆಕ್ಷೇಪ: ‘ಎಸ್-ಟ್ರ್ಯಾಪ್ 300 ಮಿಮೀ’ ಎಂದು ಬರೆಯುವಾಗ ಎಲ್ಲಿಂದ ಅಳೆದ 300 ಎಂದು ಬಹಳಷ್ಟು ಹಾಳೆಗಳು ಅಕ್ಷರಗಳಲ್ಲಿ ಹೇಳುವುದಿಲ್ಲ. ಚಿತ್ರದಲ್ಲಿ ಒಂದು ಲಂಬರೇಖೆ ಇರುತ್ತದೆ, ಅದು ಗೋಡೆ ಎಂದು ಊಹಿಸಿಕೊಳ್ಳಬೇಕು. ಆದರೆ ಯಾವ ಗೋಡೆ? ಇಟ್ಟಿಗೆಯ ಗೋಡೆಯೇ, ಗಾರೆ ಬಳಿದ ಗೋಡೆಯೇ, ಟೈಲ್ಸ್ ಹಚ್ಚಿದ ಗೋಡೆಯೇ? ಗಾರೆ, ಟೈಲ್ಸಿನ ಕೆಳಗಿನ ಸಿಮೆಂಟು, ಟೈಲ್ಸು ಮೂರೂ ಸೇರಿದರೆ 30 ಮಿಮೀ ದಾಟುವುದು ಸುಲಭ. ಹಳೆಯ ಟೈಲ್ಸಿನ ಮೇಲೆಯೇ ಅಂಟುಪದಾರ್ಥದಿಂದ ಹೊಸ ಟೈಲ್ಸು ಹಚ್ಚುವ ಈಗಿನ ಪದ್ಧತಿಯಲ್ಲೂ ಗೋಡೆ 10–12 ಮಿಮೀ ಮುಂದೆ ಬರುತ್ತದೆ, ಕೊಳವೆ ಇದ್ದಲ್ಲೇ ಇರುತ್ತದೆ. ದುರಸ್ತಿಗೆ ಮುಂಚೆ 305 ಇದ್ದದ್ದು ದುರಸ್ತಿಯ ನಂತರ 294. ದುರಸ್ತಿಗೆ ಮುಂಚೆಯೇ ಕಮೋಡು ಕೊಂಡಿಟ್ಟವರಿಗೆ ಇದು ತಿಳಿಯುವುದು ಕೊನೆಯ ದಿನ. ಭೌತಶಾಸ್ತ್ರದಲ್ಲಿ ಆಧಾರಬಿಂದು ಹೇಳದ ಸ್ಥಾನಾಂತರಕ್ಕೆ ಅಂಕ ಕೊಡುವುದಿಲ್ಲ. ಇಲ್ಲಿಯೂ ಕೊಡಬಾರದು. ‘ಟೈಲ್ಸ್ ಹಚ್ಚಿ ಮುಗಿದ ಗೋಡೆಯ ಮೇಲ್ಮೈಯಿಂದ’ ಎಂಬ ನಾಲ್ಕಾರು ಪದಗಳಿಗೆ ಆ ಹಾಳೆಯಲ್ಲಿ ಜಾಗ ಧಾರಾಳವಾಗಿದೆ.

ಕೊಳವೆಯ ಕೇಂದ್ರವನ್ನು ಕಣ್ಣಂದಾಜಿನಿಂದ ಗುರುತಿಸುವುದೂ ಒಂದು ದೋಷ. ಖಾಲಿ ರಂಧ್ರದ ಮಧ್ಯಬಿಂದುವಿಗೆ ಟೇಪು ಹಿಡಿಯುವುದು ಹೇಗೆ? ಗೋಡೆಯಿಂದ ಕೊಳವೆಯ ಹತ್ತಿರದ ಅಂಚಿಗೂ ದೂರದ ಅಂಚಿಗೂ ಎರಡು ಅಳತೆ ತೆಗೆದು ಸರಾಸರಿ ಮಾಡಿದರೆ ಕೇಂದ್ರದ ದೂರ ತಾನಾಗಿ ಬರುತ್ತದೆ. ಹತ್ತಿರದ್ದು 205, ದೂರದ್ದು 315 ಎಂದಾದರೆ ಕೇಂದ್ರ 260 ಮಿಮೀಯಲ್ಲಿದೆ. ವ್ಯತ್ಯಾಸ 110 ಮಿಮೀ ಕೊಳವೆಯ ಹೊರವ್ಯಾಸ. ಅದು ಪೇಟೆಯಲ್ಲಿ ಸಿಗುವ ಕೊಳವೆಯ ಅಳತೆಗೆ ಹೊಂದಿದರೆ ಟೇಪು ಸರಿಯಾಗಿ ಹಿಡಿದಿದ್ದೀರಿ ಎಂಬ ಪರೀಕ್ಷೆಯೂ ಆಯಿತು. ಪ್ರೌಢಶಾಲೆಯ ಮಕ್ಕಳಿಂದ ಇದನ್ನು ಮಾಡಿಸಬಹುದು. ಲೋಲಕದ ಗುಂಡಿನ ಕೇಂದ್ರ ಹುಡುಕುವಾಗ ಮಾಡುವುದೂ ಇದನ್ನೇ.

ಹಳೆಯ ಕಮೋಡು ಇನ್ನೂ ಕುಳಿತಿರುವಾಗ ಅಳೆಯುವುದು ಹೇಗೆ? ‘ಬುಡದ ಎರಡು ಬೋಲ್ಟುಗಳ ಕೇಂದ್ರಕ್ಕೆ ಗೋಡೆಯಿಂದ ಅಳೆಯಿರಿ’ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಅಮೆರಿಕದ ಮನೆಗಳ ಮಟ್ಟಿಗೆ ಅದು ಸರಿ. ಅಲ್ಲಿ ನೆಲದ ಕೊಳವೆಯ ಬಾಯಿಗೆ ಒಂದು ಬಳೆ ಕೂರಿಸಿ, ಆ ಬಳೆಗೇ ಎರಡು ಬೋಲ್ಟು ನಿಲ್ಲಿಸಿ, ಮಧ್ಯೆ ಮೇಣದ ಉಂಗುರವಿಟ್ಟು ಕಮೋಡನ್ನು ಬಿಗಿಯುತ್ತಾರೆ. ಹಾಗಾಗಿ ಎರಡು ಬೋಲ್ಟುಗಳನ್ನು ಸೇರಿಸುವ ರೇಖೆ ಕೊಳವೆಯ ಕೇಂದ್ರದ ಮೂಲಕವೇ ಹಾದುಹೋಗುತ್ತದೆ. ನಮ್ಮಲ್ಲಿ ಕಮೋಡಿನ ಪಾದವನ್ನು ನೇರವಾಗಿ ನೆಲಕ್ಕೆ ತಿರುಪುಗಳಿಂದ ಕಚ್ಚಿಸುವುದು ರೂಢಿ. ತಿರುಪಿನ ತೂತುಗಳು ಎಲ್ಲಿರಬೇಕು ಎಂಬುದನ್ನು ತಯಾರಕರು ಪಾದದ ಆಕಾರ ನೋಡಿ ನಿರ್ಧರಿಸುತ್ತಾರೆ. ಅವಕ್ಕೂ ಕೊಳವೆಯ ಕೇಂದ್ರಕ್ಕೂ ಸಂಬಂಧವಿರಬೇಕೆಂದಿಲ್ಲ. ಅಮೆರಿಕದ ಸಲಹೆಯನ್ನು ಕಣ್ಣುಮುಚ್ಚಿ ಅನುವಾದಿಸಿದರೆ ನೂರಾರು ಮಿಲಿಮೀಟರಿನ ದೋಷ ಬರಬಹುದು. ಹಿಂಭಾಗದ ಬಾಗು ಹೊರಗೆ ಕಾಣುವ ಹಳೆಯ ಮಾದರಿಯಾದರೆ ಇಳಿಯುವ ಕೊಳವೆಯ ಎರಡೂ ಅಂಚುಗಳನ್ನು ಪಕ್ಕದಿಂದ ಅಳೆಯಬಹುದು. ಬುಡದವರೆಗೆ ಪಿಂಗಾಣಿ ಮುಚ್ಚಿದ ಮಾದರಿಯಾದರೆ ಎಬ್ಬಿಸಿಯೇ ಅಳೆಯಬೇಕು, ಹೊಸದನ್ನು ಕೊಳ್ಳುವುದು ಆಮೇಲೆ.

ಅಳತೆ ಸಿಕ್ಕಿತು ಎನ್ನೋಣ. ಈಗ ಆಯ್ಕೆ ಒಂದು ಅಸಮತೆಯ ಪ್ರಶ್ನೆ: ಕಮೋಡಿನ ದೂರ ಮನೆಯ ದೂರಕ್ಕೆ ಸಮನಾಗಿರಬೇಕು ಅಥವಾ ಕಡಿಮೆ ಇರಬೇಕು. 260 ಮಿಮೀ ಇರುವ ಮನೆಯಲ್ಲಿ 225ರ ಕಮೋಡು ಕೂರುತ್ತದೆ. ಟ್ಯಾಂಕಿನ ಹಿಂದೆ ಮಾಮೂಲಿಗಿಂತ 35 ಮಿಮೀ ಹೆಚ್ಚು ಸಂದು ಬಿಡುತ್ತದೆ, ಕಮೋಡು ಅಷ್ಟೇ ಮುಂದಕ್ಕೆ ಬರುತ್ತದೆ. 300ರ ಕಮೋಡು ಕೂರುವುದಿಲ್ಲ. ಅದರ ಟ್ಯಾಂಕು ಗೋಡೆಗೆ ತಾಗಿ ನಿಂತಾಗ ಬಾಯಿ ಕೊಳವೆಗಿಂತ ಸುಮಾರು 40 ಮಿಮೀ ಮುಂದಿರುತ್ತದೆ. ಒಂದು ಕಡೆಯ ತಪ್ಪು ಅಂದಗೇಡು, ಇನ್ನೊಂದು ಕಡೆಯ ತಪ್ಪು ಅಸಾಧ್ಯ. ಈ ಅಸಮಾನತೆಯನ್ನು ನಾನು ನೋಡಿದ ಯಾವ ಅಳತೆಪತ್ರವೂ ಬಾಯಿಬಿಟ್ಟು ಹೇಳಿಲ್ಲ. ‘300 ಅಥವಾ ಹೆಚ್ಚು’ ಎಂದು ಮುದ್ರಿಸಿದರೆ ಸಾಕಿತ್ತು.

ಎರಡನೆಯ ಆಕ್ಷೇಪ, ಅಂಕಿಯ ಪಕ್ಕದಲ್ಲಿ ದೋಷದ ಮಿತಿ ಇಲ್ಲದಿರುವುದು. ಕಮೋಡು ಯಂತ್ರದಲ್ಲಿ ಕಡೆದ ಉಕ್ಕಿನ ಭಾಗವಲ್ಲ. ಜೇಡಿಯ ರಾಡಿಯನ್ನು ಅಚ್ಚಿನಲ್ಲಿ ಎರೆದು, ಒಣಗಿಸಿ, ಸುಟ್ಟು ಮಾಡಿದ ಪಿಂಗಾಣಿ. ಒಣಗಿ ಬೇಯುವಾಗ ಅದು ಸುಮಾರು ಹತ್ತರಲ್ಲೊಂದು ಭಾಗ ಕುಗ್ಗುತ್ತದೆ. ಈ ಕುಗ್ಗುವಿಕೆ ಎಲ್ಲ ತುಂಡುಗಳಲ್ಲೂ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ. ಅದಕ್ಕಾಗಿಯೇ ಪಿಂಗಾಣಿ ನೈರ್ಮಲ್ಯ ಸಾಧನಗಳ ಮಾನಕಗಳು ಅಳತೆಯಲ್ಲಿ ಕೆಲವು ಶೇಕಡ ರಿಯಾಯಿತಿ ಕೊಡುತ್ತವೆ. 3 ಶೇಕಡ ಎಂದು ಹಿಡಿದರೆ 300ರಲ್ಲಿ 9 ಮಿಮೀ. ಕೊಳವೆಯ ಕೇಂದ್ರವನ್ನು ಅಳೆಯುವಾಗಿನ ದೋಷ 5, ಗೋಡೆಯ ಏರಿಳಿತ 3 ಮಿಮೀ ಎಂದಿಟ್ಟುಕೊಳ್ಳಿ. ಇವು ಪರಸ್ಪರ ಸಂಬಂಧವಿಲ್ಲದ ದೋಷಗಳಾದ್ದರಿಂದ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು: 81, 25, 9 ಸೇರಿ 115, ವರ್ಗಮೂಲ ಸುಮಾರು 11 ಮಿಮೀ. ಅಂದರೆ 300 ಎಂದು ಬರೆದ ಕಮೋಡನ್ನು 302 ಮಿಮೀ ಇರುವ ಮನೆಗೆ ‘ಸರಿಹೋಗುತ್ತದೆ’ ಎಂದು ಖಚಿತವಾಗಿ ಹೇಳಲಾಗದು. 315 ಇದ್ದರೆ ನೆಮ್ಮದಿ. ಪದವಿ ತರಗತಿಯ ಮೊದಲ ಪ್ರಯೋಗದಲ್ಲೇ ದೋಷದ ಮಿತಿ ಬರೆಯದ ವಿದ್ಯಾರ್ಥಿಯ ದಾಖಲೆ ಪುಸ್ತಕವನ್ನು ನಾವು ಹಿಂತಿರುಗಿಸುತ್ತೇವೆ. ಸಾವಿರಾರು ರೂಪಾಯಿಯ ವಸ್ತುವಿನ ಹಾಳೆಗೆ ಅಷ್ಟು ಶಿಸ್ತೂ ಬೇಡವೇ?

ಇನ್ನು, ಹಾಳೆ ಕೈಬಿಟ್ಟಲ್ಲಿ ಅಂಗಡಿ ಕೈಹಿಡಿಯುತ್ತದೆ. ‘ಹೊಂದದಿದ್ದರೆ ಏನಂತೆ, ಆಫ್‌ಸೆಟ್ ಕನೆಕ್ಟರ್ ಹಾಕಿದರಾಯಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಫ್‌ಸೆಟ್ ಕನೆಕ್ಟರ್ ಎಂದರೆ ಮೇಲಿನ ಬಾಯಿಗೂ ಕೆಳಗಿನ ಬಾಯಿಗೂ ಕೇಂದ್ರ ತಪ್ಪಿರುವ ಪ್ಲಾಸ್ಟಿಕ್ ತುಂಡು. 20, 40 ಮಿಮೀ ತಪ್ಪಿಸುವವು ಸಿಗುತ್ತವೆ. 300ರ ಕಮೋಡನ್ನು 260ರ ಮನೆಗೆ ಹಾಕಲು 40ರದು ಬೇಕು. ಇದರ ಜ್ಯಾಮಿತಿಯನ್ನು ಸ್ವಲ್ಪ ನೋಡೋಣ.

ಎರಡೂ ಬಾಯಿಗಳ ಒಳವ್ಯಾಸ 100 ಮಿಮೀ ಎಂದುಕೊಳ್ಳಿ. ಮೇಲಿನಿಂದ ನೋಡಿದರೆ ಕೇಂದ್ರಗಳು 40 ಮಿಮೀ ಸರಿದ ಎರಡು ವೃತ್ತಗಳು. ಎರಡಕ್ಕೂ ಸಾಮಾನ್ಯವಾದ ಮಸೂರದಾಕಾರದ ಭಾಗದ ಮೂಲಕ ಮಾತ್ರ ನೇರವಾಗಿ ಕೆಳಕ್ಕೆ ಬೀಳಲು ದಾರಿ. ಲೆಕ್ಕ ಹಾಕಿದರೆ ಒಂದು ವೃತ್ತದ ವಿಸ್ತೀರ್ಣ 7854 ಚದರ ಮಿಮೀ, ಸಾಮಾನ್ಯ ಭಾಗ ಸುಮಾರು 3960. ಅಂದರೆ ಅರ್ಧದಷ್ಟು. 20 ಮಿಮೀ ಸರಿದಾಗ ಅದು ಮುಕ್ಕಾಲು ಭಾಗ ಉಳಿಯುತ್ತದೆ. ಹಾಗೆಂದು 40ರ ಕನೆಕ್ಟರು ಕೊಳವೆಯನ್ನು ಅರ್ಧ ಮುಚ್ಚುತ್ತದೆ ಎನ್ನುವುದೂ ತಪ್ಪು. ತುಂಡಿನ ಉದ್ದವನ್ನೂ ನೋಡಬೇಕು. 100 ಮಿಮೀ ಉದ್ದದಲ್ಲಿ 40 ಸರಿದರೆ ಓರೆ ಸುಮಾರು 22 ಡಿಗ್ರಿ; ಹರಿವಿಗೆ ಲಂಬವಾದ ವಿಸ್ತೀರ್ಣ 93 ಶೇಕಡ ಉಳಿಯುತ್ತದೆ. 50 ಮಿಮೀ ಉದ್ದದಲ್ಲೇ 40 ಸರಿದರೆ ಓರೆ 39 ಡಿಗ್ರಿ, ವಿಸ್ತೀರ್ಣ 78 ಶೇಕಡ. ಜೊತೆಗೆ ಒಳಗೆ ಎದ್ದು ನಿಲ್ಲುವ ಒಂದು ಇಳಿಜಾರು ಮೆಟ್ಟಿಲು. ನೀರು ಅದನ್ನು ದಾಟೀತು, ಕಾಗದ ಮತ್ತು ಘನವಸ್ತು ಅಲ್ಲಿ ತಂಗುತ್ತವೆ. ಆದ್ದರಿಂದ ಕನೆಕ್ಟರಿನ ಮೇಲೆ ‘40 ಮಿಮೀ’ ಎಂದಷ್ಟೇ ಬರೆಯುವುದು ಅರ್ಧ ಮಾಹಿತಿ. ಎಷ್ಟು ಉದ್ದದಲ್ಲಿ 40 ಎಂಬುದು ಬೇಕು. ನೆಲಮಟ್ಟಕ್ಕೂ ಕಮೋಡಿನ ಬಾಯಿಗೂ ನಡುವೆ ಅಷ್ಟು ಉದ್ದಕ್ಕೆ ಎಡೆ ಇದೆಯೇ ಎಂಬುದು ಕಮೋಡಿನ ಹಾಳೆಯಲ್ಲಿರಬೇಕು. ಎರಡೂ ಇರುವುದಿಲ್ಲ.

ಹಳೆಯ ಕಾಲದಲ್ಲಿ ಇಂಥ ಓರೆಗಳು ನಡೆದುಹೋಗುತ್ತಿದ್ದವು, ಈಗ ಏಕೆ ನಡೆಯುವುದಿಲ್ಲ ಎಂದು ಅನುಭವಿ ಪ್ಲಂಬರುಗಳು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದು, ಉತ್ತರ ಶಕ್ತಿಯ ಲೆಕ್ಕದಲ್ಲಿದೆ. ಸರಪಳಿ ಎಳೆಯುವ, ಎತ್ತರದಲ್ಲಿ ತೂಗುಹಾಕಿದ ಹಳೆಯ ಟ್ಯಾಂಕಿನಿಂದ 10 ಲೀಟರು ನೀರು 2 ಮೀಟರು ಕೆಳಗೆ ಬಂದರೆ ಬಿಡುಗಡೆಯಾಗುವ ಶಕ್ತಿ 10 × 9.8 × 2, ಅಂದರೆ 196 ಜೂಲ್. ಕಮೋಡಿನ ಬೆನ್ನಿಗೇ ಅಂಟಿದ ಇಂದಿನ ಟ್ಯಾಂಕಿನಿಂದ 6 ಲೀಟರು ಸುಮಾರು 0.4 ಮೀಟರು ಇಳಿದರೆ 23.5 ಜೂಲ್. ಎಂಟರಲ್ಲಿ ಒಂದು ಭಾಗ! ಹಳೆಯ ಉದ್ದ ಕೊಳವೆಯಲ್ಲಿ ಘರ್ಷಣೆಗೆ ಬಹುಪಾಲು ಹೋಗುತ್ತಿತ್ತು ನಿಜ, ಆದರೂ ವ್ಯತ್ಯಾಸದ ಪ್ರಮಾಣ ಗಮನಿಸುವಂಥದ್ದು. ಎರಡು ಗುಂಡಿಯ ಟ್ಯಾಂಕಿನಲ್ಲಿ ಅರ್ಧ ಫ್ಲಷ್ ಒತ್ತಿದರೆ ನೀರು 3 ಲೀಟರು ಮಾತ್ರ. ನೀರು ಉಳಿಸುವ ಈ ಬದಲಾವಣೆ ಸರಿಯಾದದ್ದೇ. ಅಮೆರಿಕದಲ್ಲಿ 1992ರ ಇಂಧನ ನೀತಿ ಕಾಯ್ದೆಯ ಪ್ರಕಾರ 1994ರಿಂದ ಮನೆಬಳಕೆಯ ಹೊಸ ಕಮೋಡುಗಳಿಗೆ 1.6 ಗ್ಯಾಲನ್, ಅಂದರೆ ಸುಮಾರು 6 ಲೀಟರಿನ ಮಿತಿ ಬಂತು. ಮೊದಮೊದಲು ಅಲ್ಲಿನ ಬಳಕೆದಾರರು ಫ್ಲಷ್ ಸಾಲದೆಂದು ದೂರಿದರು. ತಯಾರಕರು ಒಳಮಾರ್ಗದ ಆಕಾರವನ್ನು ಹೊಸದಾಗಿ ವಿನ್ಯಾಸ ಮಾಡಬೇಕಾಯಿತು. ಕಡಿಮೆ ನೀರಿನ ಕಮೋಡಿನಲ್ಲಿ ಮಾರ್ಗದ ಪ್ರತಿಯೊಂದು ಬಾಗೂ ಲೆಕ್ಕಕ್ಕೆ ಬರುತ್ತದೆ ಎಂಬುದೇ ಇದರ ಅರ್ಥ. ಹೀಗೆ ತಿದ್ದಿ ತೀಡಿದ ಮಾರ್ಗದ ತುದಿಗೆ ನಾವು ಗಿಡ್ಡನೆಯ ಓರೆ ತುಂಡೊಂದನ್ನು ಸಿಕ್ಕಿಸುತ್ತೇವೆ.

ಕಟ್ಟಿಕೊಂಡರೆ ತೆಗೆಯಬಹುದು, ಸೋರಿದರೆ? ಈ ಜೋಡಣೆ ಕಮೋಡಿನ ಕೆಳಗೆ ಅಡಗಿರುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ಶೌಚಾಲಯದ ತಾರಸಿಯನ್ನು ತಗ್ಗಿಸಿ, ಆ ತಗ್ಗಿನಲ್ಲಿ ಕೊಳವೆ ಹಾಯಿಸಿ, ಇಟ್ಟಿಗೆ ಚೂರು ತುಂಬಿ ಮೇಲೆ ನೆಲ ಹಾಕುವುದು ನಮ್ಮಲ್ಲಿ ವಾಡಿಕೆ. ಓರೆಯಾದ ರಬ್ಬರು ಅಂಚಿನಿಂದ ಪ್ರತಿ ಫ್ಲಷ್ಷಿಗೆ ಒಂದೆರಡು ಚಮಚ ಸೋರಿದರೂ ಅದು ಆ ಚೂರುಗಳ ನಡುವೆ ಸದ್ದಿಲ್ಲದೆ ಸೇರುತ್ತ ಹೋಗುತ್ತದೆ. ಗೊತ್ತಾಗುವುದು ಕೆಳಮನೆಯವರ ಮಾಳಿಗೆಯಲ್ಲಿ ಕಲೆ ಮೂಡಿದಾಗ. ಅಷ್ಟು ಹೊತ್ತಿಗೆ ಅಂಗಡಿಯ ಬಿಲ್ಲೂ ಇರುವುದಿಲ್ಲ, ಕನೆಕ್ಟರು ಹಾಕಿದವರೂ ಸಿಗುವುದಿಲ್ಲ.

ತಯಾರಕರು ಮನಸ್ಸು ಮಾಡಿದರೆ ದಾರಿ ಇಲ್ಲವೆಂದಲ್ಲ. ಜಪಾನಿನ ಟೋಟೋ ಕಂಪನಿ ಅಮೆರಿಕದ ಮಾರುಕಟ್ಟೆಯಲ್ಲಿ ಕೆಲವು ಮಾದರಿಗಳಿಗೆ ಯೂನಿಫಿಟ್ ಎಂಬ ಪ್ರತ್ಯೇಕ ಜೋಡಣೆಯನ್ನು ಕೊಡುತ್ತದೆ. ಕಮೋಡು ಒಂದೇ, ಜೋಡಣೆ ಬದಲಿಸಿದರೆ 10, 12 ಅಥವಾ 14 ಇಂಚಿನ ದೂರಕ್ಕೆ ಹೊಂದುತ್ತದೆ. ಇದೂ ಒಂದು ಬಗೆಯ ಆಫ್‌ಸೆಟ್ಟೇ ಅಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಹೌದು. ಆದರೆ ಅದು ನೆಲದ ಮೇಲೆ, ಕಮೋಡಿನ ಸೆರಗಿನೊಳಗೆ, ಅದಕ್ಕೆಂದೇ ಬಿಟ್ಟ ಎಡೆಯಲ್ಲಿ ಕೂರುತ್ತದೆ. ಕಮೋಡಿನ ಒಳಮಾರ್ಗದ ಜೊತೆಗೇ ವಿನ್ಯಾಸಗೊಂಡಿದೆ. ನಮ್ಮಲ್ಲಿ ಇದಕ್ಕೆ ಹತ್ತಿರದ ಉಪಾಯವೆಂದರೆ ಪಿ-ಟ್ರ್ಯಾಪ್ ಕಮೋಡು ಕೊಂಡು, ಅದರ ಅಡ್ಡ ಬಾಯಿಗೆ ಕೆಳಕ್ಕೆ ತಿರುಗುವ ಬೆಂಡ್ ಸೇರಿಸುವುದು. ಬೆಂಡಿನ ಅಡ್ಡಭಾಗದ ಉದ್ದವನ್ನು ಹೊಂದಿಸಿದರೆ ಒಂದು ಮಿತಿಯೊಳಗೆ ಬೇಕಾದ ದೂರ ಸಿಗುತ್ತದೆ. ತಿರುವು ನಯವಾಗಿರುತ್ತದೆ, ವ್ಯಾಸ ಎಲ್ಲಿಯೂ ಕುಗ್ಗುವುದಿಲ್ಲ, ಹಿಂಭಾಗ ತೆರೆದ ಮಾದರಿಯಾದರೆ ಸೋರಿಕೆ ಕಣ್ಣಿಗೆ ಬೀಳುತ್ತದೆ. ಬುಡದವರೆಗೆ ಮುಚ್ಚಿದ, ನೋಡಲು ಚಂದದ ಮಾದರಿಗಳಲ್ಲಿ ಕೈ ಹಾಕಲು ಎಡೆ ಇರುವುದಿಲ್ಲ. ಚಂದಕ್ಕೆ ತೆರಬೇಕಾದ ಬೆಲೆಯನ್ನು ಅಳತೆಪತ್ರ ಹೇಳುವುದಿಲ್ಲ.

ಸೈಫನ್ ಬಗೆಯ ಕಮೋಡುಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ಹೆಚ್ಚಿನವು ನೀರಿನ ತಳ್ಳುವಿಕೆಯಿಂದ ಕೆಲಸ ಮಾಡುತ್ತವೆ. ಸೈಫನ್ ಬಗೆಯವುಗಳಲ್ಲಿ ಕಿರಿದಾದ ಬಾಗು ಪೂರ್ತಿ ನೀರಿನಿಂದ ತುಂಬಿ ಸೈಫನ್ ಹತ್ತಿಕೊಂಡಾಗ ಮಾತ್ರ ಬೋಗುಣಿ ಖಾಲಿಯಾಗುತ್ತದೆ. ಏರಿ, ಬಾಗಿ, ಇಳಿಯುವ ಮಾರ್ಗಕ್ಕೆ ಜಾಗ ಬೇಕಾದ್ದರಿಂದ ಅವು ಸಾಮಾನ್ಯವಾಗಿ 300 ಮಿಮೀಯವು. ದೂರ ಕಡಿಮೆ ಇರುವ ಮನೆಯವರು ಅವನ್ನು ಮರೆಯುವುದೇ ಲೇಸು.

ಹಾಗಾದರೆ 260 ಮಿಮೀಯ ನಮ್ಮ ಉದಾಹರಣೆಯ ಮನೆಗೆ ಯಾವುದು? 300ರ ಕಮೋಡು ಮತ್ತು 40ರ ಕನೆಕ್ಟರನ್ನು ನಾನು ಒಪ್ಪುವುದಿಲ್ಲ. 225ರ ಕಮೋಡನ್ನು ನೇರವಾಗಿ ಕೂರಿಸಿ 35 ಮಿಮೀ ಸಂದನ್ನು ಸಹಿಸಿಕೊಳ್ಳುವುದು ಉತ್ತಮ. ಒಂದೇ ಷರತ್ತು: ಟ್ಯಾಂಕು ಕಮೋಡಿನ ಮೇಲೆಯೇ ನಿಲ್ಲುವಂಥದ್ದಾಗಿರಬೇಕು, ಗೋಡೆಯ ಆಸರೆ ಬೇಡುವಂಥದ್ದಲ್ಲ. ಬಾಗಿಲು ತೀರಾ ಹತ್ತಿರವಿದ್ದು 35 ಮಿಮೀ ಕೂಡ ದುಬಾರಿ ಎನಿಸಿದರೆ ಪಿ-ಟ್ರ್ಯಾಪ್ ಮತ್ತು ಬೆಂಡನ್ನು ಪರಿಶೀಲಿಸಬಹುದು.

ಇಷ್ಟೂ ಮಾತು ಕಮೋಡಿದ್ದ ಜಾಗಕ್ಕೆ ಕಮೋಡು ಹಾಕುವವರಿಗೆ. ನೆಲಮಟ್ಟದ ಇಂಡಿಯನ್ ಪ್ಯಾನ್ ತೆಗೆದು ಕಮೋಡು ಕೂರಿಸುವವರ ಸಮಸ್ಯೆ ಬೇರೆ. ಅಳತೆಪತ್ರ ಸಂಪೂರ್ಣ ಮೌನವಾಗುವುದು ಇಲ್ಲೇ. ಅಲ್ಲಿ ಕೊಳವೆ ಗೋಡೆಯಿಂದ ಎಷ್ಟು ದೂರವಿದೆ ಎಂಬುದು ಅಂದಿನ ಮೇಸ್ತ್ರಿ ಪ್ಯಾನನ್ನು ಎಲ್ಲಿ ಇಟ್ಟರು ಎಂಬುದರ ಮೇಲೆ ಹೋಗುತ್ತದೆ. ಯಾವ ಒಪ್ಪಂದಕ್ಕೂ ಅದು ಹೊಂದಬೇಕಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ನೆಲದ ಕೆಳಗಿದೆ. ಇಂಡಿಯನ್ ಪ್ಯಾನಿಗೆ ಬಾಗು ಪ್ರತ್ಯೇಕವಾಗಿದ್ದು ನೆಲದೊಳಗೆ ಹೂತಿರುತ್ತದೆ. ಕಮೋಡಿಗೆ ಬಾಗು ಅದರ ಮೈಯಲ್ಲೇ ಇದೆ. ಹಳೆಯ ಬಾಗನ್ನು ತೆಗೆಯದೆ ಅದರ ಮೇಲೆ ಕಮೋಡು ಕೂರಿಸಿದರೆ ಎರಡು ನೀರಿನ ತಡೆಗಳು ಒಂದರ ಕೆಳಗೊಂದು ನಿಲ್ಲುತ್ತವೆ, ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಕೆಳಗಿನ ತಡೆಯ ಆಳ 50 ಮಿಮೀ ಎಂದರೆ ಅದನ್ನು ದಾಟಿ ಹೋಗಲು ಗಾಳಿಗೆ 490 ಪಾಸ್ಕಲ್ ಹೆಚ್ಚುವರಿ ಒತ್ತಡ ಬೇಕು. ಸಿಕ್ಕಿಕೊಂಡ ಗಾಳಿ 2 ಲೀಟರು ಇದ್ದರೆ, ವಾಯುಮಂಡಲದ ಒತ್ತಡ ಸುಮಾರು 1,01,000 ಪಾಸ್ಕಲ್ ಆದ್ದರಿಂದ, ಬಾಯ್ಲ್ ನಿಯಮದಂತೆ ಅದು ಕುಗ್ಗುವುದು ಅರ್ಧ ಶೇಕಡ, ಅಂದರೆ 10 ಮಿಲಿಲೀಟರು ಮಾತ್ರ. ಆರು ಲೀಟರು ನೀರು ಧುಮುಕುವಾಗ 10 ಮಿಲಿಲೀಟರು ಯಾವ ಲೆಕ್ಕ? ಗಾಳಿ ಸ್ಪ್ರಿಂಗಿನಂತೆ ಮಣಿಯುವುದಿಲ್ಲ, ಬಿರಡೆಯಂತೆ ನಿಲ್ಲುತ್ತದೆ. ಬೋಗುಣಿಯಲ್ಲಿ ನೀರು ಏರುತ್ತದೆ, ಆಮೇಲೆ ಗುಳುಗುಳು ಸದ್ದಿನೊಡನೆ ಗಾಳಿ ಹೊರಬಿದ್ದು ನೀರು ಸೋಮಾರಿಯಾಗಿ ಇಳಿಯುತ್ತದೆ. ಘನವಸ್ತು ಅಲ್ಲೇ ಉಳಿಯುತ್ತದೆ. ಮನೆಯವರು ಕಮೋಡಿನ ಕಂಪನಿಯನ್ನು ಬೈಯುತ್ತಾರೆ.

ಪ್ಯಾನ್ ಎಬ್ಬಿಸಿದ ದಿನ, ಸಿಮೆಂಟು ಕಲಸುವ ಮೊದಲು, ತೆರೆದ ಕೊಳವೆಗೆ ಒಂದು ಬಕೆಟ್ ನೀರು ಸುರಿದು, ಸದ್ದು ಅಡಗಿದ ಮೇಲೆ ಟಾರ್ಚು ಬಿಟ್ಟು ನೋಡಿ. ಕೆಳಗೆ ನೀರು ನಿಂತು ಹೊಳೆಯುತ್ತಿದ್ದರೆ ಅಲ್ಲಿ ಬಾಗು ಇದೆ, ಅದನ್ನು ತೆಗೆಸಲೇಬೇಕು. ನೆಲ ಒಡೆಯುವುದು ತಪ್ಪದು. ಹೇಗೂ ಒಡೆಯುವಾಗ, ಕೊಳ್ಳಲಿರುವ ಕಮೋಡಿನ ಹಾಳೆಯನ್ನು ಮೇಸ್ತ್ರಿಯ ಮುಂದೆ ಹಿಡಿದು, ಹಚ್ಚಲಿರುವ ಟೈಲ್ಸಿನ ದಪ್ಪವನ್ನು ಕೂಡಿಸಿ, ಮೇಲೆ 10–15 ಮಿಮೀ ಸಲಿಗೆ ಬಿಟ್ಟು, ಕೊಳವೆಯ ಬಾಯನ್ನು ಹೊಸ ಜಾಗಕ್ಕೆ ತರಿಸಬಹುದು.